ಕ್ರಿಯಾಟಿನಿನ್ ಇಳಿದಾಗ ನಾವು ಖುಷಿಪಟ್ಟಿದ್ದೆವು

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ತಂದೆಯವರಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ, ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 3.8ಕ್ಕೆ ಬಂದಿದೆ, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ರಕ್ತದ ರಿಪೋರ್ಟ್ ನೋಡಿ ಇನ್ನೆಷ್ಟು ವರ್ಷ ಇರುತ್ತಾರೆ ಅಂತ ಹೇಳಬಹುದಾ, ಯಾವ ನಂಬರ್ ನೋಡಬೇಕು ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮಮ್ಮ ಎಂಟು ವರ್ಷ ಡಯಾಲಿಸಿಸ್‌ನಲ್ಲಿದ್ದರು. ಅಷ್ಟೂ ವರ್ಷದ ರಿಪೋರ್ಟುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದವನು ನಾನು.

ವರ್ಷ ಎಣಿಸಿ ಹೇಳುವ ರಕ್ತಪರೀಕ್ಷೆ ಇಲ್ಲ. ಸಾವಿರಾರು ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾವ ನಂಬರ್ ಇದ್ದವರಲ್ಲಿ ಸಾವು ಜಾಸ್ತಿ, ಯಾರಲ್ಲಿ ಕಡಿಮೆ ಎಂದು ಗೊತ್ತಾಗುತ್ತದೆ, ಅಷ್ಟೇ. ಆದರೂ ನೋಡಬೇಕು. ಯಾಕೆಂದರೆ ಅವುಗಳಲ್ಲಿ ಕೆಲವನ್ನು ನಮ್ಮ ಕೈಯಿಂದ ಬದಲಾಯಿಸಲು ಆಗುತ್ತದೆ.

ಎಲ್ಲರಂತೆ ನಾವೂ ಕ್ರಿಯಾಟಿನಿನ್ ಒಂದನ್ನೇ ನೋಡುತ್ತಿದ್ದೆವು. ಡಯಾಲಿಸಿಸ್ ಶುರುವಾದಾಗ ಅಮ್ಮನದು 9.1 ಇತ್ತು. ಏಳೆಂಟು ತಿಂಗಳಲ್ಲಿ ಅದು 6ರ ಹತ್ತಿರ ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿ, ದೊಡ್ಡಮ್ಮ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದರು. ರಿಪೋರ್ಟ್ ನೋಡಿದ ಡಾಕ್ಟರ್ ಮಾತ್ರ ನಗಲಿಲ್ಲ. "ಅಮ್ಮ ಸರಿಯಾಗಿ ಊಟ ಮಾಡ್ತಿದ್ದಾರಾ?" ಎಂದು ಕೇಳಿದರು.

ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ. ಕಿಡ್ನಿ ಅದನ್ನು ಹೊರಹಾಕುತ್ತದೆ. ಅಮ್ಮನ ಕಿಡ್ನಿ ಸುಧಾರಿಸಿರಲಿಲ್ಲ, ಮೈಯಲ್ಲಿದ್ದ ಮಾಂಸ ಕರಗಿತ್ತು. ಡಯಾಲಿಸಿಸ್ ರೋಗಿಗಳಲ್ಲಿ ಕ್ರಿಯಾಟಿನಿನ್ ತುಂಬಾ ಕಡಿಮೆ ಇದ್ದವರಲ್ಲೇ ಸಾವು ಜಾಸ್ತಿ ಎಂದು ಆಮೇಲೆ ಓದಿದೆ. ಕೊಲೆಸ್ಟ್ರಾಲ್ ಲೆಕ್ಕವೂ ಅವರಲ್ಲಿ ಹೀಗೇ ತಲೆಕೆಳಗು. ತುಂಬಾ ಕಡಿಮೆ ಇದ್ದರೆ ಅದು ಒಳ್ಳೆಯ ಸುದ್ದಿ ಆಗಿರಬೇಕಾಗಿಲ್ಲ. ಮೈ ಸೊರಗುತ್ತಿದೆ ಎಂಬ ಸೂಚನೆಯೂ ಆಗಿರಬಹುದು.

ಅವತ್ತು ಡಾಕ್ಟರ್ ಪೆನ್ನಿನಿಂದ ಗುಂಡು ಹಾಕಿ ತೋರಿಸಿದ ನಂಬರ್ ಆಲ್ಬುಮಿನ್. 2.9 ಇತ್ತು. ಇದು ಪಿತ್ತಜನಕಾಂಗ ತಯಾರಿಸುವ ಪ್ರೋಟೀನ್, ಸಾಮಾನ್ಯವಾಗಿ 3.5ಕ್ಕಿಂತ ಮೇಲಿರಬೇಕು. 1990ರಲ್ಲಿ ಅಮೆರಿಕದಲ್ಲಿ 12 ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ರಿಪೋರ್ಟುಗಳನ್ನು ಒಟ್ಟುಹಾಕಿ ಒಂದು ಅಧ್ಯಯನ ಮಾಡಿದ್ದರು. ಲ್ಯಾಬ್ ಪರೀಕ್ಷೆಗಳಲ್ಲೆಲ್ಲ ಸಾವಿನ ಜೊತೆ ಅತಿ ಗಟ್ಟಿಯಾಗಿ ಹೊಂದಿಕೊಂಡದ್ದು ಇದೇ ಆಲ್ಬುಮಿನ್. 4ಕ್ಕಿಂತ ಸ್ವಲ್ಪ ಕೆಳಗೆ ಇಳಿದವರಲ್ಲೇ ಅಪಾಯ ಏರಲು ಶುರುವಾಗಿತ್ತು.

ಆಲ್ಬುಮಿನ್ ಇಳಿಯುವುದು ಊಟ ಕಡಿಮೆಯಾಗಿ ಮಾತ್ರವಲ್ಲ. ಮೈಯಲ್ಲಿ ಎಲ್ಲೋ ಸೋಂಕು, ಉರಿಯೂತ ಇದ್ದರೂ ಇಳಿಯುತ್ತದೆ. ಅದಕ್ಕೇ ಜೊತೆಯಲ್ಲಿ ಸಿಆರ್‌ಪಿ ಎಂಬ ಪರೀಕ್ಷೆ ಮಾಡಿಸುತ್ತಾರೆ. ಅಮ್ಮನಿಗೆ ಎರಡೂ ಕಾರಣ ಇದ್ದವು. ಡಯಾಲಿಸಿಸ್‌ಗೆ ಮುಂಚೆ ಬೇಳೆ, ಮೊಟ್ಟೆ ಕಡಿಮೆ ಮಾಡಿ ಎಂದು ಹೇಳಿದ್ದರು. ಡಯಾಲಿಸಿಸ್ ಶುರುವಾದ ಮೇಲೂ ನಾವು ಅದೇ ಪಥ್ಯ ಮುಂದುವರಿಸಿದ್ದೆವು. ಶುರುವಾದ ಮೇಲೆ ಲೆಕ್ಕವೇ ಬೇರೆ, ಪ್ರೋಟೀನ್ ಜಾಸ್ತಿ ಬೇಕು, ತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ. ಅನ್ನ, ಮಜ್ಜಿಗೆ, ಸೌತೆಕಾಯಿ ತಿನ್ನಿಸಿಕೊಂಡು ನಾವು ಅವರನ್ನು ಉಪವಾಸ ಹಾಕಿದ್ದೆವು ಎಂದು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಎರಡನೆಯ ಕಾರಣ, ಡಯಾಲಿಸಿಸ್‌ಗೆಂದು ಕುತ್ತಿಗೆಗೆ ಹಾಕಿದ್ದ ಕ್ಯಾತಿಟರ್ ಎಂಬ ನಳಿಕೆ. ಅದರಲ್ಲಿ ಸೋಂಕಾಗಿತ್ತು. ಡಯಾಲಿಸಿಸ್ ದಿನ ಸಂಜೆ ಚಳಿಜ್ವರ ಬರುತ್ತಿತ್ತು, ನಾವು ಸುಸ್ತಿಗೆ ಅಂದುಕೊಂಡಿದ್ದೆವು.

ಕ್ಯಾತಿಟರ್ ತೆಗೆದು ಕೈಗೆ ಫಿಸ್ಟುಲಾ ಮಾಡಿದರು, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಕೈಯ ಎರಡು ರಕ್ತನಾಳಗಳನ್ನು ಆಪರೇಷನ್ ಮಾಡಿ ಜೋಡಿಸಿದರು. ದಿನಾ ಮೊಟ್ಟೆಯ ಬಿಳಿಭಾಗ ಕೊಡಲು ಶುರುಮಾಡಿದೆವು. ಆರು ತಿಂಗಳಲ್ಲಿ ಆಲ್ಬುಮಿನ್ 3.7 ಆಯಿತು. ಆ ಸಲ ಕ್ರಿಯಾಟಿನಿನ್ ಏರಿತ್ತು, 7.8! ಡಾಕ್ಟರ್ ನಕ್ಕರು.

ಹಾಗಂತ ನಂಬರ್ ಸರಿಮಾಡಿದರೆ ಆಯುಷ್ಯ ತಾನೇ ಉದ್ದವಾಗುತ್ತದೆ ಅಂದುಕೊಳ್ಳಬೇಡಿ. ಹಿಮೋಗ್ಲೋಬಿನ್ ವಿಷಯದಲ್ಲಿ ನನಗೆ ಇದು ಅರ್ಥವಾಯಿತು. ಕಿಡ್ನಿ ಕೆಟ್ಟರೆ ರಕ್ತ ಉತ್ಪತ್ತಿಗೆ ಬೇಕಾದ ಎರಿತ್ರೋಪೊಯಿಟಿನ್ ಹಾರ್ಮೋನ್ ಕಡಿಮೆಯಾಗುತ್ತದೆ. ಹಿಮೋಗ್ಲೋಬಿನ್ ಇಳಿದವರಲ್ಲಿ ಸಾವು ಜಾಸ್ತಿ ಎಂಬುದೂ ನಿಜ. ಅಮ್ಮನದು 10.5 ಇತ್ತು. ಆ ಹಾರ್ಮೋನಿನ ಇಂಜೆಕ್ಷನ್ ಇನ್ನೊಂದಷ್ಟು ಕೊಟ್ಟು 13 ಮಾಡಿ ಎಂದು ನಾನೇ ಹಠ ಮಾಡಿದೆ. ಡಾಕ್ಟರ್ ಒಪ್ಪಲಿಲ್ಲ. 2006ರಲ್ಲಿ ಅಮೆರಿಕದಲ್ಲಿ ಸುಮಾರು 1,400 ಕಿಡ್ನಿ ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದ್ದರು. 13.5ಕ್ಕೆ ಏರಿಸಲು ಹೊರಟ ಗುಂಪಿನಲ್ಲಿ ಸಾವು, ಹೃದಯದ ತೊಂದರೆಗಳೇ ಜಾಸ್ತಿಯಾದವು. 2009ರಲ್ಲಿ ಸಕ್ಕರೆ ಕಾಯಿಲೆಯೂ ಇದ್ದ ನಾಲ್ಕು ಸಾವಿರ ರೋಗಿಗಳಲ್ಲಿ ನೋಡಿದಾಗ, 13ರ ಗುರಿ ಇಟ್ಟುಕೊಂಡವರಲ್ಲಿ ಪಾರ್ಶ್ವವಾಯು ಹತ್ತಿರ ಹತ್ತಿರ ಎರಡು ಪಟ್ಟು ಆಗಿತ್ತು. ಆದ್ದರಿಂದ 10-11ರಲ್ಲೇ ಇಟ್ಟಿದ್ದಾರೆ ಎಂದು ನೀವೂ ಡಾಕ್ಟರ್ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಫಾಸ್ಫರಸ್ ಕೂಡ ನೋಡುತ್ತಿರಿ. ಜಾಸ್ತಿಯಾದರೆ ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ. ಅದನ್ನು ಇಳಿಸಲು ಕೊಡುವ ಮಾತ್ರೆಯನ್ನು ಊಟದ ಜೊತೆಯೇ ನುಂಗಬೇಕು, ಆಮೇಲೆ ನುಂಗಿದರೆ ಪ್ರಯೋಜನ ಕಡಿಮೆ.

ಪೊಟ್ಯಾಸಿಯಂ ಬೇರೆ ಜಾತಿಯದು. ಅದು ಆ ದಿನದ ಅಪಾಯ. ನಾವು ತಿಪಟೂರು ಕಡೆಯವರು, ಮನೆ ಸುತ್ತ ತೆಂಗಿನ ತೋಟ. ಎಳನೀರು ಕುಡಿದರೆ ಕಿಡ್ನಿ ತೊಳೆದ ಹಾಗೆ ಎಂದು ಅಕ್ಕಪಕ್ಕದವರು ಪ್ರೀತಿಯಿಂದಲೇ ತಂದುಕೊಡುತ್ತಿದ್ದರು. ಒಂದು ದೊಡ್ಡ ಲೋಟ ಎಳನೀರಿನಲ್ಲಿ ಸುಮಾರು 400ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು. ಒಂದು ಯುಗಾದಿಯ ಮಾರನೇ ದಿನ ಅಮ್ಮನಿಗೆ ಕಾಲು ಎತ್ತಲು ಆಗಲಿಲ್ಲ. ಪೊಟ್ಯಾಸಿಯಂ 6.8. ರಾತ್ರೋರಾತ್ರಿ ತುಮಕೂರಿಗೆ ಓಡಿದೆವು. ಹೃದಯ ನಿಲ್ಲುವ ಮಟ್ಟ ಅದು. ನಿಮ್ಮ ಮನೆಗೆ ಯಾರಾದರೂ ಎಳನೀರು ತಂದರೆ ದಯವಿಟ್ಟು ನೀವೇ ಕುಡಿದುಬಿಡಿ, ತಂದೆಯವರಿಗೆ ಬೇಡ.

ಈಗ ನಿಮ್ಮ ತಂದೆಯವರ ವಿಷಯ. 58 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 3.8 ಅಂದರೆ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು, ಸುಮಾರು 17-18. ಇದು ಕಿಡ್ನಿ ಕಾಯಿಲೆಯ ನಾಲ್ಕನೇ ಹಂತ, 15ಕ್ಕಿಂತ ಇಳಿದರೆ ಕೊನೆಯದಾದ ಐದನೆಯದು. ಮೈ ತೆಳ್ಳಗಿದ್ದರೆ ನಿಜವಾದ ಅಂಕಿ ಇನ್ನೂ ಕಡಿಮೆ ಇರಬಹುದು. ನೀವು ಬರೆದ ಪಟ್ಟಿಯಲ್ಲಿ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಕಾಣಲಿಲ್ಲ. ಅದನ್ನು ಮಾಡಿಸಿ. ರಕ್ತದಲ್ಲಿ ಆಲ್ಬುಮಿನ್ ಇರಬೇಕು, ಮೂತ್ರದಲ್ಲಿ ಸೋರಬಾರದು. ವಯಸ್ಸು, ಗಂಡೋ ಹೆಣ್ಣೋ, ಇಜಿಎಫ್‌ಆರ್, ಈ ಅನುಪಾತ, ನಾಲ್ಕೂ ಸೇರಿಸಿ ಎರಡು ಮತ್ತು ಐದು ವರ್ಷದಲ್ಲಿ ಡಯಾಲಿಸಿಸ್ ಬೇಕಾಗುವ ಸಾಧ್ಯತೆ ಲೆಕ್ಕಹಾಕುವ ಸೂತ್ರವನ್ನು 2011ರಲ್ಲಿ ಕೆನಡಾದ ವೈದ್ಯರು ಕೊಟ್ಟಿದ್ದಾರೆ. ನಿಮ್ಮ ಡಾಕ್ಟರ್ ಬಳಿ ಕೇಳಿದರೆ ಹಾಕಿ ತೋರಿಸುತ್ತಾರೆ.

ನಾನು ಮೇಲೆ ಹೇಳಿದ ಜಾಸ್ತಿ ಪ್ರೋಟೀನ್ ಅವರಿಗೆ ಈಗ ಅಲ್ಲ, ಅದು ಡಯಾಲಿಸಿಸ್‌ನಲ್ಲಿ ಇರುವವರಿಗೆ. ಅವರಿಗೆ ಎಷ್ಟು ಎಂದು ಡಯಟೀಷಿಯನ್ ಹೇಳಲಿ. ಬಿಪಿ, ಶುಗರ್ ಬಿಡಬೇಡಿ. ಕಿಡ್ನಿ ಕಾಯಿಲೆ ಇರುವವರ ಪ್ರಾಣ ಹೆಚ್ಚಾಗಿ ಹೋಗುವುದು ಹೃದಯದಿಂದ. ಎದೆ ಭಾರ, ಮಲಗಿದರೆ ಉಸಿರು ಕಟ್ಟುವುದು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಇನ್ನೊಂದು ಕೆಲಸ ಇವತ್ತಿನಿಂದಲೇ ಮಾಡಬಹುದು, ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ತಂದೆಯವರು ಬಲಗೈ ಬಳಸುವವರಾದರೆ ಎಡಗೈಯ ನರಗಳಿಗೆ ಸೂಜಿ ಚುಚ್ಚಲು ಬಿಡಬೇಡಿ. ರಕ್ತ ತೆಗೆಯುವುದು, ಡ್ರಿಪ್ ಹಾಕುವುದು ಎಲ್ಲಾ ಬಲ ಅಂಗೈಯ ಹಿಂಭಾಗದಲ್ಲಿ ಆಗಲಿ. ಲ್ಯಾಬಿನಲ್ಲಿ ಪ್ರತಿ ಸಲ ನೀವೇ ಬಾಯಿಬಿಟ್ಟು ಹೇಳಬೇಕು. ಮುಂದೆ ಫಿಸ್ಟುಲಾ ಮಾಡಲು ಆ ಎಡಗೈ ಚೆನ್ನಾಗಿದ್ದರೆ ಕುತ್ತಿಗೆಯ ಕ್ಯಾತಿಟರ್ ತಪ್ಪಿಸಬಹುದು. ಅಮ್ಮನ ಎಡಗೈ ನರಗಳು ಚುಚ್ಚಿ ಚುಚ್ಚಿ ಮೊದಲೇ ಹಾಳಾಗಿದ್ದವು, ಬಲಗೈಗೇ ಮಾಡಬೇಕಾಯಿತು. ಆಮೇಲೆ ಅವರು ಡಯಾಲಿಸಿಸ್ ನಡೆಯುವಾಗ ಎಡಗೈಯಲ್ಲೇ ತಿಂಡಿ ತಿನ್ನುತ್ತಿದ್ದರು.