ದೇವರಿಗೆ ಮೊದಲೇ ಗೊತ್ತಿದ್ದರೆ ನನ್ನ ಆಯ್ಕೆ ಎಲ್ಲಿ?

‘ನಾಳೆ ನಾನು ಏನು ಮಾಡುತ್ತೇನೆ ಅಂತ ದೇವರಿಗೆ ಇವತ್ತೇ ಗೊತ್ತಿದ್ದರೆ ನನ್ನ ಆಯ್ಕೆ ಎಲ್ಲಿ ಉಳಿಯಿತು? ಭಕ್ತಿಯ ಮಾತು ಬೇಡ, ತರ್ಕದಿಂದ ಹೇಳಿ’ ಎಂದು ಕೇಳಿದ್ದೀರಿ.

ಮೊದಲು ‘ಲೇಬೇಕು’ ಅನ್ನುವುದನ್ನು ಹಿಡಿದುಕೊಳ್ಳೋಣ. ಒಬ್ಬ ಬೇಲೂರಿನಲ್ಲಿದ್ದರೆ ಅವನು ಹಾಸನ ಜಿಲ್ಲೆಯಲ್ಲಿ ಇರಲೇಬೇಕು. ಸರಿ. ಹಾಗಂತ ಅವನನ್ನು ಅಲ್ಲಿ ಯಾರೂ ಕಟ್ಟಿಹಾಕಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ನಮ್ಮ ಚಿಕ್ಕಮಗಳೂರಿಗೆ ಬರಬಹುದಿತ್ತು, ಅಲ್ವಾ? ‘ಲೇಬೇಕು’ ಇರುವುದು ಎರಡು ಮಾತಿನ ನಡುವಿನ ಕೊಂಡಿಯಲ್ಲಿ. ಅವನ ಕಾಲಿಗೆ ಅದು ಸರಪಳಿಯಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೊಂದು ಪುಟ್ಟ ಚೌಕದ ಗುರುತು ಹಾಕುತ್ತಾರೆ. ಚೌಕ ಇಡೀ ವಾಕ್ಯದ ಮುಂದಿದೆಯೋ, ‘ಇದ್ದರೆ’ ಆದಮೇಲಿನ ತುಂಡಿನ ಮುಂದಿದೆಯೋ ಅನ್ನುವುದರಲ್ಲೇ ಎಲ್ಲ ಇದೆ. ‘ದೇವರಿಗೆ ಗೊತ್ತಿದ್ದರೆ ಆಗಲೇಬೇಕು’ ಅನ್ನುವಾಗಲೂ ನಾವು ಸದ್ದಿಲ್ಲದೆ ಚೌಕವನ್ನು ಒಳಗೆ ಜರುಗಿಸಿಬಿಡುತ್ತೇವೆ.

ಆದರೆ ಇಷ್ಟಕ್ಕೇ ಪ್ರಶ್ನೆ ಮುಗಿಯುವುದಿಲ್ಲ. 1965ರಲ್ಲಿ ನೆಲ್ಸನ್ ಪೈಕ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ ಇದೇ ವಾದವನ್ನು ಬಿಗಿಯಾಗಿ ಕಟ್ಟಿದರು. ನಾಳೆ ನಾನು ಮಾಡುವುದನ್ನು ದೇವರು ನಿನ್ನೆಯೇ ತಿಳಿದಿದ್ದ. ಆಗಿಹೋದ ನಿನ್ನೆಯನ್ನು ನಾನು ಬದಲಿಸಲಾರೆ. ದೇವರ ತಿಳಿವು ತಪ್ಪಾಗದು. ಹಾಗಾದರೆ ನಾಳೆಯನ್ನೂ ಬದಲಿಸಲಾರೆ. ಇಲ್ಲಿ ಚೌಕ ಜರುಗಿಲ್ಲ. ಇದರಿಂದ ತಪ್ಪಿಸಿಕೊಳ್ಳಬೇಕಾದರೆ ಯಾವುದಾದರೂ ಒಂದು ಆಧಾರ ವಾಕ್ಯವನ್ನು ಬಿಡಲೇಬೇಕು. 6ನೇ ಶತಮಾನದಲ್ಲಿ ಮರಣದಂಡನೆಗೆ ಕಾಯುತ್ತ ಸೆರೆಯಲ್ಲಿದ್ದ ರೋಮನ್ ತತ್ವಜ್ಞಾನಿ ಬೊಯೆಥಿಯಸ್ ‘ನಿನ್ನೆ’ಯನ್ನು ಬಿಟ್ಟ. ದೇವರಿಗೆ ನಿನ್ನೆ ನಾಳೆಗಳಿಲ್ಲ, ಎಲ್ಲವೂ ಒಂದೇ ನೋಟ ಎಂದ. 14ನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಆಕ್ಯಂನ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ‘ಮೊನ್ನೆ ಬಿದ್ದದ್ದೇ ಈ ವರ್ಷದ ಕೊನೆಯ ಹೂಮಳೆ’ (ಕಾಫಿ ಹೂ ಅರಳಿಸುವ ಮಳೆ) ಅನ್ನಿ. ಮಾತು ಮೊನ್ನೆಯದು. ಆದರೆ ಅದು ನಿಜವೋ ಅಲ್ಲವೋ ಅನ್ನುವುದು ಮುಂದೆ ಮಳೆ ಬರುತ್ತದಾ ಇಲ್ಲವಾ ಅನ್ನುವುದರ ಮೇಲಿದೆ. ದೇವರ ನಿನ್ನೆಯ ತಿಳಿವೂ ಇಂಥದ್ದೇ. ಅರ್ಧ ಮಾತ್ರ ನಿನ್ನೆಗೆ ಸೇರಿದ್ದು. ಹಾಗಾಗಿ ‘ನಿನ್ನೆಯನ್ನು ಬದಲಿಸಲಾರೆ’ ಅನ್ನುವುದು ಅದಕ್ಕೆ ಪೂರ್ತಿ ಹೊಂದದು.

ಹಣೆಬರಹ ಬೇರೆ ವಿಷಯ. ಅಲ್ಲಿ ದೇವರು ಸುಮ್ನೆ ನೋಡುತ್ತಿಲ್ಲ, ಬರೆಯುತ್ತಿದ್ದಾನೆ. ನನಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಒಂದು ವರ್ಷ ಫೆಬ್ರವರಿ, ಮಾರ್ಚ್ ಕಳೆದರೂ ಮಳೆ ಬರಲಿಲ್ಲ. ನಮ್ಮ ತೋಟದ ರೋಬಸ್ಟಾ ಕಾಫಿಯ ಮೊಗ್ಗು ನೀರಿಗೆ ಕಾಯುತ್ತಿತ್ತು. ಕೆರೆಯಲ್ಲಿ ನೀರಿತ್ತು, ಸ್ಪ್ರಿಂಕ್ಲರ್ ಇತ್ತು. ಚಿಕ್ಕಪ್ಪ ಮೋಟಾರು ಹಾಕಲೇ ಇಲ್ಲ. ‘ಹೂವಾಗೋದು ಬರೆದಿದ್ರೆ ಆಗತ್ತೆ, ಇಲ್ದಿದ್ರೆ ಡೀಸೆಲ್ ದಂಡ’ ಎಂದರು. ಎಷ್ಟೋ ಗಿಡದಲ್ಲಿ ಮೊಗ್ಗು ಹಾಗೇ ಕಂದಿಹೋಯಿತು. ಚಿಕ್ಕಮ್ಮ ಆ ವರ್ಷ ಬಳೆ ಅಡ ಇಟ್ಟರು.

ಗ್ರೀಕರು ಇದನ್ನು ‘ಸೋಮಾರಿ ವಾದ’ ಎಂದು ಕರೆದಿದ್ದರು. ಗುಣವಾಗುವುದು ಬರೆದಿದ್ದರೆ ವೈದ್ಯ ಯಾಕೆ ಅನ್ನುವ ವಾದ ಅದು. ಕ್ರಿ.ಪೂ. 3ನೇ ಶತಮಾನದ ಗ್ರೀಕ್ ತತ್ವಜ್ಞಾನಿ ಕ್ರಿಸಿಪ್ಪಸ್‌ನ ಉತ್ತರ ಚಿಕ್ಕದು: ಗುಣವಾಗುವುದು ಬರೆದಿದ್ದರೆ, ವೈದ್ಯನನ್ನು ಕರೆಸುವುದೂ ಅದರ ಜೊತೆಗೇ ಬರೆದಿರುತ್ತದೆ. ಹೂವಿನ ಜೊತೆ ನೀರೂ ಸೇರಿದೆ. ವಿಧಿಯನ್ನು ಪೂರ್ತಿ ಒಪ್ಪಿದರೂ ಕೈಕಟ್ಟಿ ಕೂರಲು ಅದು ಕಾರಣವಾಗುವುದಿಲ್ಲ.

ಹೊಣೆಯ ಪ್ರಶ್ನೆ ಇನ್ನೂ ಕಷ್ಟದ್ದು. ಒಂದು ಹಾಳೆಯಲ್ಲಿ ಹೀಗೆ ಬರೆಯಿರಿ: ದೇವರ ಇಚ್ಛೆಯಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು. ನಾನು ಮಾಡದ ಕೆಲಸಕ್ಕೆ ನಾನು ಹೊಣೆಯಲ್ಲ. ನನ್ನ ತಪ್ಪಿಗೆ ನಾನೇ ಹೊಣೆ. ಈ ಮೂರೂ ಒಂದಕ್ಕೊಂದು ಹೊಡೆದಾಡುತ್ತವೆ ಅನ್ನಿಸುತ್ತದೆ. ನಿಜವಾಗಿ ಹೊಡೆದಾಡಲು ಬಾಯಿಬಿಟ್ಟು ಹೇಳದ ನಾಲ್ಕನೆಯ ಮಾತೊಂದು ಬೇಕು: ದೇವರ ಇಚ್ಛೆಯಿಂದ ಆದದ್ದು ನಾನು ಮಾಡಿದ್ದಲ್ಲ. ಮಧ್ವಾಚಾರ್ಯರು ಒಪ್ಪದೆ ಇರುವುದು ಇದನ್ನೇ. ಜೀವ ಸ್ವತಂತ್ರನಲ್ಲ, ದೇವರ ಅಧೀನ. ಆದರೂ ಮಾಡುವವನು ಅವನೇ ಅನ್ನುತ್ತಾರೆ. ಅಧೀನನಾದವನು ನಿಜಕ್ಕೂ ಮಾಡುವವನು ಹೇಗಾದಾನು ಎಂದು ನೀವು ಮತ್ತೆ ಕೇಳಬಹುದು. ಅದಕ್ಕೆ ತರ್ಕದ ಚೌಕಗಳಿಂದ ಉತ್ತರ ಸಿಗುವುದಿಲ್ಲ. ಎಲ್ಲಿ ಕೇಳಬೇಕು ಅನ್ನುವುದನ್ನು ಮಾತ್ರ ಅವು ತೋರಿಸಿಕೊಟ್ಟವು.

ನಾನಂತೂ ನಾಲ್ಕನೆಯ ಮಾತನ್ನು ಬಿಟ್ಟಿದ್ದೇನೆ. ಆ ಮಾರ್ಚ್‌ನಲ್ಲಿ ಮೋಟಾರು ಹಾಕದೆ ಕೂತದ್ದು ಚಿಕ್ಕಪ್ಪ. ಅದನ್ನು ದೇವರ ತಲೆಗೆ ಕಟ್ಟಲು ನನಗೆ ಮನಸ್ಸು ಬರುವುದಿಲ್ಲ.