ಮುತ್ತಜ್ಜನ ದೀಕ್ಷಾಸ್ನಾನದ ದಾಖಲೆ: ಎಲ್ಲಿ ಹುಡುಕಬೇಕು?

ಮಂಗಳೂರಿನ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಹೆಂಚಿನ ಕಾರ್ಖಾನೆಯಲ್ಲಿದ್ದ ನಿಮ್ಮ ಮುತ್ತಜ್ಜನ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಾಖಲೆ ಎಲ್ಲಿ ಸಿಗಬಹುದು ಎಂದು ಕೇಳಿದ್ದೀರಿ. ಮೊದಲು ಅವರು ಸೇರಿದ್ದ ಸಭೆಯ, ಅಂದರೆ ಚರ್ಚಿನ, ರಿಜಿಸ್ಟರ್ ನೋಡಿ. ದೀಕ್ಷಾಸ್ನಾನ, ಮದುವೆ, ಸಮಾಧಿ, ಮೂರನ್ನೂ ಕೇಳಿ. ಒಂದರಲ್ಲಿ ಬಿಟ್ಟುಹೋದ ತಂದೆಯ ಹೆಸರು ಇನ್ನೊಂದರಲ್ಲಿ ಸಿಗಬಹುದು. ಹಳೇ ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ, ಜೆರಾಕ್ಸ್ ಬೇಡ, ಮೊಬೈಲ್‌ನಲ್ಲೇ ಫೋಟೋ ತೆಗೆಯಿರಿ.

ಆಮೇಲೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹಾಲಯದಲ್ಲಿ ಹುಡುಕಿ. ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದವರು. ಅವರು ಕಳಿಸಿದ ವರದಿ, ಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಈಗ ಮಿಷನ್ 21 ಸಂಸ್ಥೆ ನೋಡಿಕೊಳ್ಳುತ್ತದೆ. ಹಳೇ ಫೋಟೋಗಳನ್ನು ಆನ್‌ಲೈನ್‌ನಲ್ಲೇ ನೋಡಬಹುದು. ಪತ್ರಗಳು ಮಾತ್ರ ಹೆಚ್ಚಾಗಿ ಹಳೇ ಜರ್ಮನ್ ಕೈಬರಹದಲ್ಲಿವೆ, ಓದಬಲ್ಲವರ ನೆರವು ಬೇಕೇ ಬೇಕು. ಸುಮ್ನೆ ಹೆಸರಷ್ಟೇ ಬರೆದು ಕೇಳಬೇಡಿ, ಊರು ಮತ್ತು ಅಂದಾಜು ವರ್ಷವನ್ನೂ ಸೇರಿಸಿ.