ಓದುಗರ ಪ್ರಶ್ನೆ, ನಮ್ಮ ಉತ್ತರ: ಕಪ್ಪು ಲೇಖಕರ ವೈಜ್ಞಾನಿಕ ಕಾದಂಬರಿ ಮತ್ತು ಫ್ಯಾಂಟಸಿ

ಅಮೆರಿಕದ ಲೇಖಕಿ ಆಕ್ಟೇವಿಯಾ ಬಟ್ಲರ್ ಅವರ ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಪುಟದ ಟಿಪ್ಪಣಿ ಪ್ರಕಟವಾಗಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನವು. ಬಟ್ಲರ್ ಒಬ್ಬರನ್ನೇ ಅಲ್ಲದೆ ಕಪ್ಪು ಜನಾಂಗದ ಇತರ ಲೇಖಕರ ವೈಜ್ಞಾನಿಕ ಕಾದಂಬರಿ ಮತ್ತು ಫ್ಯಾಂಟಸಿಗಳ ಬಗ್ಗೆಯೂ ಓದುಗರು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಸಾಮಾಜಿಕ ಕಾದಂಬರಿಗಳನ್ನೇ ಓದಿಕೊಂಡು ಬಂದವನು. ರಾಕೆಟ್ಟು, ಗ್ರಹ, ಯಂತ್ರಮಾನವರಲ್ಲಿ ನನಗೆ ಆಸಕ್ತಿ ಇಲ್ಲ. ಇಂಥವನು ಈ ಲೇಖಕರನ್ನು ಓದುವುದಾದರೆ ಎಲ್ಲಿಂದ ಆರಂಭಿಸಬೇಕು? (ಮಲ್ಲೇಶ್ವರದ ಓದುಗರು)

ಉತ್ತರ: ಬಟ್ಲರ್ ಅವರ ‘ಕಿಂಡ್ರೆಡ್’ ಕಾದಂಬರಿಯಿಂದಲೇ ಆರಂಭಿಸಿ. 1979ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ರಾಕೆಟ್ಟೂ ಇಲ್ಲ, ಯಂತ್ರವೂ ಇಲ್ಲ. ಕಾಲಯಾನವೇನೋ ಇದೆ, ಆದರೆ ಅದು ಹೇಗೆ ಸಾಧ್ಯವಾಯಿತೆಂದು ವಿವರಿಸುವ ಗೋಜಿಗೆ ಲೇಖಕಿ ಹೋಗುವುದಿಲ್ಲ. ಈ ಕಾರಣಕ್ಕೇ ಅವರು ಇದನ್ನು ವೈಜ್ಞಾನಿಕ ಕಾದಂಬರಿ ಎನ್ನದೆ ಕಠೋರವಾದ ಫ್ಯಾಂಟಸಿ ಎಂದು ಕರೆಯುತ್ತಿದ್ದರು. ಡೇನಾ ಎಂಬ ಕಪ್ಪು ಲೇಖಕಿ 1976ರಲ್ಲಿ, ತನ್ನ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನ, ಲಾಸ್ ಏಂಜಲೀಸ್ ಸಮೀಪದ ಹೊಸ ಮನೆಯಲ್ಲಿ ಪುಸ್ತಕಗಳನ್ನು ಜೋಡಿಸುತ್ತಿರುವಾಗ ತಲೆ ಸುತ್ತಿದಂತಾಗಿ, ಕಣ್ಣು ಬಿಟ್ಟರೆ ಒಂದು ನದಿಯ ದಡದಲ್ಲಿರುತ್ತಾಳೆ. ನೀರಿನಲ್ಲಿ ಕೆಂಗೂದಲಿನ ಬಿಳಿಯ ಹುಡುಗನೊಬ್ಬ ಮುಳುಗುತ್ತಿದ್ದಾನೆ. ಅವನನ್ನು ಎಳೆದು ಬದುಕಿಸಿದ್ದಕ್ಕೆ ಪ್ರತಿಯಾಗಿ ಅವಳಿಗೆ ಎದುರಾಗುವುದು ಬಂದೂಕಿನ ಬಾಯಿ. ಅದು ಹತ್ತೊಂಬತ್ತನೆಯ ಶತಮಾನದ ಆರಂಭದ ಮೇರಿಲ್ಯಾಂಡ್. ಹುಡುಗ ಗುಲಾಮರನ್ನು ಸಾಕಿಕೊಂಡ ಜಮೀನ್ದಾರನ ಮಗ ರೂಫಸ್.

ಅಲ್ಲಿಂದ ಮುಂದೆ ರೂಫಸ್‌ನ ಜೀವಕ್ಕೆ ಅಪಾಯ ಬಂದಾಗಲೆಲ್ಲ ಡೇನಾಗೆ ಕರೆ ಬರುತ್ತದೆ, ತನ್ನ ಜೀವವೇ ಹೋಯಿತೆಂದು ಅವಳಿಗೆ ಅನ್ನಿಸಿದಾಗ ಮಾತ್ರ ಮನೆಗೆ ಮರಳುವುದು ಸಾಧ್ಯವಾಗುತ್ತದೆ. ಕಥೆಯ ನಿಜವಾದ ಉರುಳು ಇದಲ್ಲ. ರೂಫಸ್ ಬೇರೆ ಯಾರೋ ಅಲ್ಲ, ಡೇನಾಳದೇ ಪೂರ್ವಜ. ಅವನಿಂದ ಆಲಿಸ್ ಎಂಬ ಕಪ್ಪು ಹೆಂಗಸಿನಲ್ಲಿ ಒಂದು ಮಗು ಹುಟ್ಟದೆ ಹೋದರೆ ಡೇನಾಳ ವಂಶವೇ ಇಲ್ಲ. ಸ್ವತಂತ್ರಳಾಗಿ ಹುಟ್ಟಿ ಮುಂದೆ ಗುಲಾಮಳಾಗಿ ಮಾರಾಟವಾದ ಆಲಿಸ್‌ಗೆ ರೂಫಸ್ ಬೇಡ. ತನ್ನ ಇರವಿಗಾಗಿ ಇನ್ನೊಬ್ಬ ಹೆಣ್ಣಿನ ಮೇಲೆ ನಡೆಯುವ ಬಲಾತ್ಕಾರವನ್ನು ತಾನೇ ಕಾಯಬೇಕಾದ ಸ್ಥಿತಿ ಡೇನಾಳದು, ಮತ್ತು ಲೇಖಕಿ ಅವಳಿಗೆ ತಪ್ಪಿಸಿಕೊಳ್ಳುವ ದಾರಿಯನ್ನು ತೋರಿಸುವುದಿಲ್ಲ. ಮತ್ತೆ ಕರೆ ಬರಬಹುದೆಂದು ಅವಳು ಒಂದು ಚೀಲದಲ್ಲಿ ಚಾಕು, ನೋವಿನ ಮಾತ್ರೆ, ಬಟ್ಟೆಗಳನ್ನು ತುಂಬಿ ಮೈಗೆ ಕಟ್ಟಿಕೊಂಡೇ ಮನೆಯೊಳಗೆ ಓಡಾಡುವ ಸನ್ನಿವೇಶವೊಂದಿದೆ. ಇಪ್ಪತ್ತನೆಯ ಶತಮಾನದ ಸಜ್ಜಾದ ಮನೆಯಲ್ಲಿ ಈ ಚೀಲ ಹೊತ್ತು ಅಡ್ಡಾಡುವ ಹೆಂಗಸಿನ ಚಿತ್ರ, ನನ್ನ ಮಟ್ಟಿಗೆ, ಚಾಟಿಯೇಟಿನ ದೃಶ್ಯಗಳಿಗಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯುತ್ತದೆ. ಕಡೆಯ ಬಾರಿ ಹಿಂದಿರುಗುವಾಗ ಅವಳು ಎಡತೋಳನ್ನು ಕಳೆದುಕೊಳ್ಳುತ್ತಾಳೆ. ಇದನ್ನು ಹೇಳಿ ಕುತೂಹಲ ಕೆಡಿಸಿದೆನೆಂದು ಆಕ್ಷೇಪಿಸಬೇಡಿ, ಕಾದಂಬರಿಯ ಮೊದಲ ವಾಕ್ಯವೇ ಅದನ್ನು ಹೇಳಿಬಿಡುತ್ತದೆ.

ಈ ಕೃತಿಯ ಹುಟ್ಟಿನ ಬಗ್ಗೆ ಒಂದು ಮಾತು. ಬಟ್ಲರ್ ಕಾಲೇಜಿನಲ್ಲಿದ್ದಾಗ ಕಪ್ಪು ಯುವಕನೊಬ್ಬ, ನಮ್ಮನ್ನು ಇಷ್ಟು ಕಾಲ ಹಿಂದಕ್ಕೆ ಹಿಡಿದ ನಮ್ಮ ಹಿರಿಯರನ್ನೆಲ್ಲ ಕೊಂದುಬಿಡಬೇಕೆನಿಸುತ್ತದೆ ಎಂಬರ್ಥದ ಮಾತಾಡಿದ್ದ. ಬಟ್ಲರ್ ಅವರ ತಾಯಿ ಬಿಳಿಯರ ಮನೆಗಳಲ್ಲಿ ಕೆಲಸ ಮಾಡಿ, ಹಿಂಬಾಗಿಲಿನಿಂದ ಒಳಹೋಗಿ, ಮಗಳನ್ನು ಸಾಕಿದವರು. ತಲೆ ಬಗ್ಗಿಸಿ ಬದುಕುಳಿದವರನ್ನು ಹೇಡಿಗಳೆಂದು ಕರೆಯುವ ಇಂದಿನವರನ್ನು ಒಮ್ಮೆ ಆ ಕಾಲದಲ್ಲೇ ಕೂರಿಸಿದರೆ ಹೇಗೆ ಎಂಬ ಯೋಚನೆಯಿಂದ ‘ಕಿಂಡ್ರೆಡ್’ ರೂಪುಗೊಂಡಿತು. ಸಾಮಾಜಿಕ ಕಾದಂಬರಿಯ ಓದುಗರಾದ ನಿಮಗೆ ಇದು ಅಪರಿಚಿತ ಪ್ರದೇಶವೆಂದು ಅನ್ನಿಸಲಾರದು.

ಪ್ರಶ್ನೆ: ಬಟ್ಲರ್ ಅವರ ‘ಪ್ಯಾರಬಲ್ ಆಫ್ ದಿ ಸೋವರ್’ 2024ರ ಕಥೆಯಂತೆ, ಅದರಲ್ಲಿ ನೀರಿನ ಬರ ಬರುತ್ತದಂತೆ. ಅದೇ 2024ರ ಬೇಸಿಗೆಯಲ್ಲಿ ನಾವು ಟ್ಯಾಂಕರಿಗಾಗಿ ಕಾದು ಕುಳಿತಿದ್ದೆವು. ಆಕೆ ಭವಿಷ್ಯ ಕಂಡವರೇ? (ವೈಟ್‌ಫೀಲ್ಡಿನ ಓದುಗರು)

ಉತ್ತರ: ಭವಿಷ್ಯ ಕಂಡವರಲ್ಲ, ಪತ್ರಿಕೆಗಳನ್ನು ಗಮನವಿಟ್ಟು ಓದುತ್ತಿದ್ದವರು. 1993ರಲ್ಲಿ ಬಂದ ಈ ಕಾದಂಬರಿ 2024ರ ಜುಲೈಯಲ್ಲಿ ಆರಂಭವಾಗುತ್ತದೆ, ಅದರ ಕ್ಯಾಲಿಫೋರ್ನಿಯಾದಲ್ಲಿ ನೀರಿನ ಬೆಲೆ ಪೆಟ್ರೋಲಿಗಿಂತ ಹೆಚ್ಚು. ಅನುಕೂಲವಿದ್ದವರು ಗೋಡೆ ಕಟ್ಟಿಕೊಂಡು ಬಡಾವಣೆಗಳೊಳಗೆ ಇದ್ದಾರೆ, ಹೊರಗೆ ಬೆಂಕಿ ಮತ್ತು ಹಸಿವು. ಆಗಲೇ ಕಣ್ಣೆದುರಿಗಿದ್ದ ಸಮಸ್ಯೆಗಳನ್ನು ಯಾರೂ ಗಮನಿಸದೆ ಮೂವತ್ತು ವರ್ಷ ಬೆಳೆಯಲು ಬಿಟ್ಟರೆ ಏನಾಗುತ್ತದೆಂದು ಬರೆದೆ, ಹೊಸದಾಗಿ ಏನನ್ನೂ ಸೃಷ್ಟಿಸಲಿಲ್ಲ ಎಂಬ ಅರ್ಥದಲ್ಲಿ ಅವರೇ ವಿವರಿಸಿದ್ದಾರೆ. 1998ರ ಮುಂದಿನ ಭಾಗದಲ್ಲಿ ಅಮೆರಿಕವನ್ನು ಮತ್ತೆ ಶ್ರೇಷ್ಠವಾಗಿಸುವ ಘೋಷಣೆಯೊಂದಿಗೆ ಚುನಾವಣೆಗೆ ನಿಲ್ಲುವ ಮತಾಂಧನೊಬ್ಬ ಬರುತ್ತಾನೆ. ಅದನ್ನು ಕಂಡು ಬೆರಗಾಗುವವರು, ಆ ಘೋಷಣೆ 1980ರ ಚುನಾವಣೆಯಲ್ಲೇ ಕೇಳಿಬಂದಿತ್ತೆಂಬುದನ್ನು ಮರೆಯುತ್ತಾರೆ. ಸತ್ಯವಾದದ್ದೆಷ್ಟು, ಸುಳ್ಳಾದದ್ದೆಷ್ಟು ಎಂದು ಪಂಚಾಂಗದಂತೆ ಲೆಕ್ಕ ಹಾಕುತ್ತ ಓದಿದರೆ ಕಾದಂಬರಿಯ ನಾಯಕಿ ಲಾರೆನ್ ಕೈಬಿಟ್ಟುಹೋಗುತ್ತಾಳೆ. ಬೇರೆಯವರ ನೋವು ಕಣ್ಣಿಗೆ ಬಿದ್ದೊಡನೆ ತನ್ನ ಮೈಯಲ್ಲೂ ಅದನ್ನು ಅನುಭವಿಸುವ ಈ ಹುಡುಗಿ, ಆತ್ಮರಕ್ಷಣೆಗೆಂದು ಯಾರನ್ನಾದರೂ ಹೊಡೆದರೆ ಆ ಪೆಟ್ಟು ಅವಳಿಗೂ ತಗಲುತ್ತದೆ. ಗೋಡೆ ಕುಸಿದ ಮೇಲೆ ಅವಳು ಹೆದ್ದಾರಿಯಲ್ಲಿ ಉತ್ತರಕ್ಕೆ ನಡೆದು ಹೋಗುವ ಭಾಗವೇ ಕಾದಂಬರಿಯ ಜೀವ.

ಪ್ರಶ್ನೆ: ಕಪ್ಪು ಲೇಖಕರು ಈ ಪ್ರಕಾರಕ್ಕೆ ಇಷ್ಟು ತಡವಾಗಿ ಬಂದದ್ದೇಕೆ? (ವಿಜಯನಗರದ ಉಪನ್ಯಾಸಕರು)

ಉತ್ತರ: ತಡವಾಗಿ ಬಂದರೆಂಬುದೇ ಸರಿಯಲ್ಲ, ಅವರು ಬರೆದದ್ದನ್ನು ಈ ಪ್ರಕಾರದ ಲೆಕ್ಕಕ್ಕೆ ಸೇರಿಸಿಕೊಂಡದ್ದು ತಡವಾಯಿತು. ಪಾಲಿನ್ ಹಾಪ್ಕಿನ್ಸ್ ಅವರ ‘ಆಫ್ ಒನ್ ಬ್ಲಡ್’ 1902 ಮತ್ತು 1903ರಲ್ಲಿ ಧಾರಾವಾಹಿಯಾಗಿ ಬಂತು; ಅದರಲ್ಲಿ ಇಥಿಯೋಪಿಯಾದ ನೆಲದಡಿಯಲ್ಲಿ ಅಡಗಿಕೊಂಡ ಮುಂದುವರಿದ ನಾಗರಿಕತೆಯೊಂದಿದೆ. ಸಮಾಜಶಾಸ್ತ್ರಜ್ಞರೆಂದೇ ನಮಗೆ ಪರಿಚಿತರಾದ ಡುಬಾಯ್ಸ್ 1920ರಲ್ಲಿ ಬರೆದ ‘ದಿ ಕಾಮೆಟ್’ ಕಥೆಯಲ್ಲಿ, ಧೂಮಕೇತುವಿನ ವಿಷಾನಿಲದಿಂದ ನ್ಯೂಯಾರ್ಕ್ ಸತ್ತು ಬಿದ್ದಾಗ ಬ್ಯಾಂಕಿನ ನೆಲಮಾಳಿಗೆಯಲ್ಲಿದ್ದ ಕಪ್ಪು ನೌಕರನೊಬ್ಬ ಬದುಕುಳಿಯುತ್ತಾನೆ. ಲೋಕವೇ ಮುಗಿದಾಗ ಮಾತ್ರ ಅವನು ಬಿಳಿಯ ಹೆಣ್ಣಿನ ಕಣ್ಣಿಗೆ ಮನುಷ್ಯನಾಗಿ ಕಾಣುತ್ತಾನೆ. ಲೋಕ ಪೂರ್ತಿ ಮುಗಿದಿಲ್ಲವೆಂದು ತಿಳಿದ ಕ್ಷಣ ಹಳೆಯ ಸ್ಥಾನ ಮರಳುತ್ತದೆ. ಜಾರ್ಜ್ ಸ್ಕೈಲರ್ 1931ರ ‘ಬ್ಲ್ಯಾಕ್ ನೋ ಮೋರ್’ನಲ್ಲಿ ಕಪ್ಪು ಚರ್ಮವನ್ನು ಬಿಳಿಯಾಗಿಸುವ ಯಂತ್ರವನ್ನು ತಂದು ಎರಡೂ ಕಡೆಯವರನ್ನು ಗೇಲಿ ಮಾಡಿದರು. ಹಾಪ್ಕಿನ್ಸ್ ಅವರ ಕಾದಂಬರಿ ಬಂದದ್ದು ಕಪ್ಪು ಓದುಗರ ಮಾಸಪತ್ರಿಕೆಯಲ್ಲಿ. ವೈಜ್ಞಾನಿಕ ಕಥೆಗಳಿಗೇ ಮೀಸಲಾದ ಅಗ್ಗದ ಪತ್ರಿಕೆಗಳ ಸುತ್ತ ಬೆಳೆದ ಓದುಗ ವಲಯವೇ ಬೇರೆ, ಅದಕ್ಕೆ ಇವು ಕಾಣಲೇ ಇಲ್ಲ.

ಆ ವಲಯದೊಳಗೆ ಹೋಗಿ ನಿಂತವರು ಸ್ಯಾಮ್ಯುಯೆಲ್ ಡಿಲೇನಿ. 1942ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ ಇವರು 1960ರ ದಶಕದಲ್ಲೇ ‘ಬೇಬಲ್-17’ ಮತ್ತು ‘ದಿ ಐನ್‌ಸ್ಟೈನ್ ಇಂಟರ್‌ಸೆಕ್ಷನ್’ ಕಾದಂಬರಿಗಳಿಗೆ ಈ ಪ್ರಕಾರದ ಪ್ರತಿಷ್ಠಿತ ನೆಬ್ಯುಲಾ ಪ್ರಶಸ್ತಿ ಪಡೆದವರು. ಇಷ್ಟಾದರೂ, ಅವರ ‘ನೋವಾ’ ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಲು ‘ಅನಲಾಗ್’ ಪತ್ರಿಕೆಯ ಪ್ರಭಾವಿ ಸಂಪಾದಕ ಜಾನ್ ಕ್ಯಾಂಪ್ಬೆಲ್ ಒಪ್ಪಲಿಲ್ಲ. ಕಪ್ಪು ನಾಯಕನೊಂದಿಗೆ ತಮ್ಮ ಓದುಗರು ಬೆರೆಯಲಾರರೆಂಬ ಕಾರಣ ಕೊಟ್ಟರೆಂದು ಡಿಲೇನಿ 1998ರ ಪ್ರಬಂಧವೊಂದರಲ್ಲಿ ದಾಖಲಿಸಿದ್ದಾರೆ. ನಕ್ಷತ್ರಗಳ ನಡುವೆ ಓಡಾಡುವ ನೌಕೆಯನ್ನು ನಂಬಿದ ಓದುಗ ಅದರ ಕಪ್ಪು ನಾಯಕನನ್ನು ನಂಬಲಾರ ಎಂಬುದು ವಿಚಿತ್ರವಾದ ತರ್ಕ. ಆದರೆ ಆ ತರ್ಕ ಅಲ್ಲಿಗೇ ನಿಲ್ಲಲಿಲ್ಲ: ಬಟ್ಲರ್ ಅವರ ‘ಡಾನ್’ 1987ರಲ್ಲಿ ಪ್ರಕಟವಾದಾಗ, ಕಪ್ಪು ಹೆಂಗಸಾದ ಅದರ ನಾಯಕಿ ಲಿಲಿತ್ ಮುಖಪುಟದಲ್ಲಿ ಬಿಳಿಯಳಾಗಿದ್ದಳು. ಅಂದಹಾಗೆ, ಬಟ್ಲರ್ 1970ರ ಕ್ಲೇರಿಯನ್ ಕಥಾ ಕಮ್ಮಟದಲ್ಲಿ ಡಿಲೇನಿಯವರ ಶಿಷ್ಯೆಯಾಗಿದ್ದರು.

ಪ್ರಶ್ನೆ: ಅಮೆರಿಕದ ಲೇಖಕಿ ಜೆಮಿಸಿನ್ ಅವರ ‘ದಿ ಫಿಫ್ತ್ ಸೀಸನ್’ ಐವತ್ತು ಪುಟ ಓದಿ ಕೈಬಿಟ್ಟೆ. ಪಾರಿಭಾಷಿಕ ಪದಗಳ ಕಾಟ, ಜೊತೆಗೆ ಲೇಖಕಿ ‘ನೀನು’ ಎಂದು ನನ್ನನ್ನೇ ಕರೆಯುತ್ತಾರೆ. ಮುಂದುವರಿಸಲೇ? (ರಾಜಾಜಿನಗರದ ಓದುಗರು)

ಉತ್ತರ: ಮುಂದುವರಿಸಿ, ಪುಸ್ತಕದ ಕೊನೆಯಲ್ಲಿರುವ ಪದಕೋಶವನ್ನು ತಿರುವಿ ಹಾಕುವ ಶ್ರಮ ಬೇಡ. ‘ನೀನು’ ಎಂದು ಕರೆಸಿಕೊಳ್ಳುವವಳು ಎಸ್ಸುನ್ ಎಂಬ ತಾಯಿ. ಭೂಮಿಯ ಕಂಪನವನ್ನು ಅಂಕೆಯಲ್ಲಿಡುವ ಶಕ್ತಿ ಮಗನಿಗಿದೆಯೆಂದು ತಿಳಿದು ಗಂಡ ಆ ಪುಟ್ಟ ಮಗುವನ್ನು ಹೊಡೆದು ಕೊಂದಿದ್ದಾನೆ. ಅಂಥ ಆಘಾತದಲ್ಲಿರುವವಳು ‘ನಾನು’ ಎಂದು ಹೇಳಿಕೊಳ್ಳಲಾರಳು, ಆದ್ದರಿಂದ ಬೇರೊಬ್ಬರು ಅವಳ ಕಥೆಯನ್ನು ಅವಳಿಗೇ ಹೇಳುತ್ತಿದ್ದಾರೆ. ಯಾರು, ಏಕೆ ಎಂಬುದು ಮುಂದೆ ತಿಳಿಯುತ್ತದೆ. ಆ ನೆಲ ಅಲುಗದಂತೆ ಕಾಪಾಡುವವರು ಇವಳಂಥವರೇ, ಊರಿನವರು ಅಸಹ್ಯದಿಂದ ಕಂಡು ಬಡಿದು ಕೊಲ್ಲುವುದೂ ಇವರನ್ನೇ. ಯಾರ ದುಡಿಮೆಯ ಮೇಲೆ ಊರು ನಿಂತಿದೆಯೋ ಅವರನ್ನೇ ಊರ ಹೊರಗಿಡುವ ವ್ಯವಸ್ಥೆಯನ್ನು ನಮ್ಮ ನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಕಾದಂಬರಿತ್ರಯದ ಮೂರೂ ಭಾಗಗಳಿಗೆ 2016, 2017 ಮತ್ತು 2018ರಲ್ಲಿ ಸಾಲಾಗಿ ಈ ಪ್ರಕಾರದ ಇನ್ನೊಂದು ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂದಿತು. ಅದಕ್ಕೆ ಮೊದಲು ಯಾವ ಲೇಖಕರೂ ಈ ಸಾಧನೆ ಮಾಡಿರಲಿಲ್ಲ. ಎರಡನೆಯ ಭಾಗ ಮಾತ್ರ ನನ್ನ ಅಭಿಪ್ರಾಯದಲ್ಲಿ ಸ್ವಲ್ಪ ಎಳೆದಾಡುತ್ತದೆ.

ಪ್ರಶ್ನೆ: ನಮ್ಮಲ್ಲಿ ದಲಿತ ಸಾಹಿತ್ಯ ಆತ್ಮಕಥೆಯ ಸತ್ಯದಿಂದ ಬಲ ಪಡೆಯಿತು. ಅನುಭವವಿರುವವರು ದೆವ್ವ, ಮಾಯೆ, ಅನ್ಯಗ್ರಹಗಳ ಮೊರೆ ಹೋಗುವುದು ಪಲಾಯನವಲ್ಲವೇ? (ಹನುಮಂತನಗರದ ಓದುಗರು)

ಉತ್ತರ: ನಮ್ಮಲ್ಲೂ ದಲಿತ ಸಾಹಿತ್ಯ ಆತ್ಮಕಥೆಗಷ್ಟೇ ಕಟ್ಟುಬಿದ್ದಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಜೋತಮ್ಮಂದಿರು ಕೂಡುತ್ತಾರೆ, ಮಂಚ ಕತೆ ಹೇಳುತ್ತದೆ, ಅದನ್ನು ಯಾರೂ ಪಲಾಯನವೆನ್ನಲಿಲ್ಲ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅಟ್ಲಾಂಟಿಕ್ ದಾಟಿಸಿ ಮಾರಿದ ಜನರ ವಿಷಯದಲ್ಲಿ ತೊಡಕು ಇನ್ನೂ ಆಳವಾದದ್ದು. ಅವರಲ್ಲಿ ಬಹುಪಾಲು ಮಂದಿಯ ಹೆಸರು, ಭಾಷೆ, ಊರುಗಳನ್ನೇ ಅಳಿಸಲಾಯಿತು, ಉಳಿದ ದಾಖಲೆಗಳಲ್ಲಿ ಹೆಚ್ಚಿನವು ಒಡೆಯರ ಲೆಕ್ಕದ ಪುಸ್ತಕಗಳು. ದಾಖಲೆಯೇ ಇಲ್ಲದ ಪೂರ್ವಜರ ಮನೆಗೆ ಹೋಗಿ ಬರಲು ವಾಸ್ತವವಾದಿ ಕಾದಂಬರಿಕಾರನಿಗೆ ದಾರಿಯಿಲ್ಲ. ‘ಕಿಂಡ್ರೆಡ್’ನ ಕಾಲಯಾನ ಹುಟ್ಟಿದ್ದು ಆ ಕೊರತೆಯಿಂದ. ರಿವರ್ಸ್ ಸಾಲೊಮನ್ ಅವರ ‘ದಿ ಡೀಪ್’ ಕಿರುಕಾದಂಬರಿ (2019) ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗುತ್ತದೆ: ಗುಲಾಮರ ಹಡಗುಗಳಿಂದ ಸಮುದ್ರಕ್ಕೆ ಎಸೆದ ಗರ್ಭಿಣಿಯರ ಮಕ್ಕಳು ನೀರಿನಡಿ ಒಂದು ಕುಲವಾಗಿ ಬದುಕಿದ್ದಾರೆ, ಎಲ್ಲರ ಪರವಾಗಿ ಆ ನೆನಪಿನ ಭಾರವನ್ನು ಒಬ್ಬಳೇ ಹೊತ್ತಿದ್ದಾಳೆ. ಇಂಥ ಕಥೆಗಳನ್ನು ಪಲಾಯನವೆಂದು ಕರೆಯಲು ನನಗೆ ಮನಸ್ಸು ಬಾರದು. ಆದರೆ ಎಲ್ಲ ಫ್ಯಾಂಟಸಿಗೂ ಈ ರಿಯಾಯಿತಿ ಸಲ್ಲದು. ಕಿರೀಟ, ಕತ್ತಿ, ಕಳೆದುಹೋದ ರಾಜಕುಮಾರಿಯ ಹಳೆಯ ಚೌಕಟ್ಟಿಗೆ ಆಫ್ರಿಕದ ಹೆಸರುಗಳನ್ನು ಹಚ್ಚಿದ ಪುಸ್ತಕಗಳೂ ಇತ್ತೀಚೆಗೆ ಸಾಕಷ್ಟು ಬರುತ್ತಿವೆ.

ಪ್ರಶ್ನೆ: ಆಫ್ರಿಕದಲ್ಲಿ ಬರೆಯುವವರನ್ನೂ ಅಮೆರಿಕದ ಕಪ್ಪು ಲೇಖಕರನ್ನೂ ಒಂದೇ ಗುಂಪಿಗೆ ಸೇರಿಸಬಹುದೇ? (ಜ್ಞಾನಭಾರತಿಯ ಸ್ನಾತಕೋತ್ತರ ವಿದ್ಯಾರ್ಥಿನಿ)

ಉತ್ತರ: ಪುಸ್ತಕದಂಗಡಿಯ ಕಪಾಟಿಗೆ ಅನುಕೂಲ, ವಿಮರ್ಶೆಗೆ ಅಲ್ಲ. ಕಪ್ಪು ಜನರ ಅನುಭವದಿಂದ ಭವಿಷ್ಯವನ್ನು ಕಲ್ಪಿಸುವ ಬರವಣಿಗೆಗೆ ‘ಆಫ್ರೋಫ್ಯೂಚರಿಸಂ’ ಎಂಬ ಹೆಸರನ್ನು 1993ರಲ್ಲಿ ಬಳಕೆಗೆ ತಂದವರು ಅಮೆರಿಕದ ವಿಮರ್ಶಕ ಮಾರ್ಕ್ ಡೆರಿ. ನೈಜೀರಿಯಾ ಮೂಲದ ನೆಡಿ ಒಕೊರಾಫೋರ್ ತಮ್ಮ ಬರವಣಿಗೆ ಆಫ್ರಿಕದ ನೆಲ, ಪುರಾಣ, ದೃಷ್ಟಿಕೋನಗಳಲ್ಲೇ ಬೇರೂರಿರುವುದರಿಂದ ಅದನ್ನು ‘ಆಫ್ರಿಕನ್‌ಫ್ಯೂಚರಿಸಂ’ ಎಂದು ಬೇರೆಯಾಗಿಯೇ ಗುರುತಿಸಬೇಕೆನ್ನುತ್ತಾರೆ. ಅವರ ‘ಲಗೂನ್’ (2014) ಓದಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಅನ್ಯಗ್ರಹ ಜೀವಿಗಳು ಬಂದಿಳಿಯುವುದು ನೈಜೀರಿಯಾದ ಲಾಗೋಸ್‌ನ ಕಡಲತೀರದಲ್ಲಿ. ಆ ಮಹಾನಗರದ ವಾಹನ ದಟ್ಟಣೆ, ಪಾದ್ರಿಗಳು, ಸೈನಿಕರು, ವಂಚಕರೆಲ್ಲ ಕಥೆಯೊಳಗೆ ನುಗ್ಗುತ್ತಾರೆ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವವರಿಗೆ ಇದರಲ್ಲಿ ಬಹಳಷ್ಟು ಗುರುತು ಸಿಗುತ್ತದೆ. ಪರಂಪರೆಯ ಮೂಲ ಬೇಕಿದ್ದರೆ ಏಮಸ್ ಟುಟುವೋಲಾ ಅವರ ‘ದಿ ಪಾಮ್-ವೈನ್ ಡ್ರಿಂಕರ್ಡ್’ (1952) ಹುಡುಕಿ. ತನಗೆ ಹೆಂಡ ಇಳಿಸಿಕೊಡುತ್ತಿದ್ದವನು ಮರದಿಂದ ಬಿದ್ದು ಸತ್ತಾಗ, ಅವನನ್ನು ಕರೆತರಲು ಸತ್ತವರ ಊರಿಗೇ ಹೊರಡುವ ಕುಡುಕನ ಕಥೆಯದು. ನೈಜೀರಿಯಾದ ಯೊರೂಬಾ ಜನಾಂಗದ ಜನಪದವೇ ಅದರ ಬೆನ್ನೆಲುಬು.

ಪ್ರಶ್ನೆ: ಹನ್ನೆರಡು ವರ್ಷದ ಮಗಳಿಗೆ ಇವುಗಳಲ್ಲಿ ಯಾವುದನ್ನು ಕೊಡಬಹುದು? (ಬಸವನಗುಡಿಯ ತಾಯಿ)

ಉತ್ತರ: ಒಕೊರಾಫೋರ್ ಅವರ ‘ಅಕಾಟಾ ವಿಚ್’ (2011) ಕೊಡಿ. ಅದರ ನಾಯಕಿ ಸನ್ನಿಗೂ ಹನ್ನೆರಡೇ ವರ್ಷ; ಚರ್ಮದಲ್ಲಿ ಬಣ್ಣವಿಲ್ಲದೆ ಹುಟ್ಟಿದ ಅವಳಿಗೆ ಬಿಸಿಲಿನಲ್ಲಿ ಫುಟ್‌ಬಾಲ್ ಆಡಲಾಗುವುದಿಲ್ಲ, ಆದರೆ ಮಂತ್ರವಿದ್ಯೆ ಕಲಿಯುವ ಗುಟ್ಟಿನ ಲೋಕವೊಂದು ಅವಳಿಗೆ ತೆರೆದುಕೊಳ್ಳುತ್ತದೆ. ಆ ಲೋಕದಲ್ಲಿ ಏನಾದರೂ ಹೊಸದನ್ನು ಕಲಿತಾಗ ಮಾತ್ರ ಮೇಲಿನಿಂದ ಹಣ ಉದುರುತ್ತದೆ. ಮಕ್ಕಳನ್ನು ಎತ್ತಿಕೊಂಡು ಹೋಗುವ ಕೊಲೆಗಡುಕನೊಬ್ಬ ಕಥೆಯಲ್ಲಿರುವುದರಿಂದ ಮೊದಲು ನೀವೊಮ್ಮೆ ಓದಿ ನೋಡುವುದು ಒಳ್ಳೆಯದು. ಇದೇ ಲೇಖಕಿಯ ‘ಹೂ ಫಿಯರ್ಸ್ ಡೆತ್’ ದೊಡ್ಡವರ ಕಾದಂಬರಿ, ಯುದ್ಧ ಮತ್ತು ಅತ್ಯಾಚಾರದ ಕಥೆ. ಲೇಖಕಿಯ ಹೆಸರೊಂದನ್ನೇ ಹೇಳಿ ಚರ್ಚ್ ಸ್ಟ್ರೀಟಿನ ಅಂಗಡಿಯಿಂದ ಅದನ್ನು ತಂದುಬಿಡಬೇಡಿ.